ಮುಯ್ಯಿ ಬರೆಯದ ಊಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನನ್ನು ಕರೆದಿದ್ದೀರಿ, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳುತ್ತಾನೆ ಎಂದು ಕಾದಿರಬಹುದು. ಅದು ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲೇ ಸಿಗುತ್ತದೆ. ನಾನು ಇವತ್ತು ಊಟದ ಬಗ್ಗೆ ಮಾತಾಡುತ್ತೇನೆ.

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವುದನ್ನು ನೀವೆಲ್ಲ ನೋಡಿದ್ದೀರಿ. ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ. ನಾಳೆ ಅವರ ಮನೆ ಮದುವೆಗೆ ಅಷ್ಟೇ ಅಥವಾ ಒಂದು ರೂಪಾಯಿ ಹೆಚ್ಚು ಹೋಗಬೇಕು. ಅದರಲ್ಲಿ ತಪ್ಪೇನಿಲ್ಲ. ಊರು ನಿಂತಿರುವುದೇ ಹಾಗೆ. ಆದರೆ ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿ, 14ನೇ ಅಧ್ಯಾಯದಲ್ಲಿ, ಯೇಸು ಊಟಕ್ಕೆ ಕರೆದವನಿಗೇ ಒಂದು ವಿಚಿತ್ರ ಮಾತು ಹೇಳುತ್ತಾನೆ. ಔತಣ ಮಾಡುವಾಗ ಗೆಳೆಯರನ್ನೂ ಬಂಧುಗಳನ್ನೂ ಹಣವಂತ ನೆರೆಯವರನ್ನೂ ಕರೆಯಬೇಡ, ಅವರು ತಿರುಗಿ ನಿನ್ನನ್ನು ಕರೆದುಬಿಡುತ್ತಾರೆ. ತಿರುಗಿ ಕರೆಯಲಾಗದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಎಂಬುದು ಅದರ ಅರ್ಥ. ಅಂದರೆ ಮುಯ್ಯಿ ಪುಸ್ತಕ ಮುಚ್ಚಿಡು ಎಂದು. ನಾನು ಕ್ರೈಸ್ತನಲ್ಲ. ಆದರೂ ಈ ಮಾತು ಓದಿದಾಗ, ಇದನ್ನು ನಾನು ಮೊದಲೇ ಎಲ್ಲೋ ಉಂಡಿದ್ದೇನೆ ಅನ್ನಿಸಿತು.

ನಾವು ಇಲ್ಲಿ ಓದುವಾಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ. ನಮ್ಮ ಮನೆ ಹೊಳೆಯಾಚೆ. ಆಟಿ ತಿಂಗಳಲ್ಲಿ ಸಂಕ ಮುಳುಗಿದರೆ ಎರಡು ಮೂರು ದಿನ ಈ ಕಡೆಯೇ ಉಳಿಯಬೇಕು. ಹಾಗೆ ಉಳಿದ ದಿನಗಳಲ್ಲಿ ನಾನು ಉಂಡು ಮಲಗಿದ್ದು ಮೈದಾನದ ಹಿಂದಿನ ಒಬ್ಬ ಬಾಯಮ್ಮನ ಮನೆಯಲ್ಲಿ. ಅವರು ಇಂದು ಇಲ್ಲ. ನಮ್ಮದು ಮೀನು ತಿನ್ನದ ಮನೆ. ಅದನ್ನು ನಾನು ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ಆದರೆ ಎರಡನೇ ದಿನದಿಂದ ನನ್ನ ಗಂಜಿಗೆ ಬೇರೆ ಪಾತ್ರೆ, ಬೇರೆ ಸೌಟು, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ. ಅದೇ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅವರಂಥವರಿಗೆ ಜಗಲಿಯವರೆಗೆ ಮಾತ್ರ ಪ್ರವೇಶವಿತ್ತು ಎಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ಅವರಿಗೂ ಗೊತ್ತಿತ್ತು. ಗಂಜಿಯ ಪಾತ್ರೆ ಮಾತ್ರ ಬದಲಾಗಲಿಲ್ಲ.

ಇದು ಒಬ್ಬರ ಒಳ್ಳೆಯತನ ಮಾತ್ರ ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಇದರ ಹಿಂದೆ ಒಂದು ಹಳೆಯ ಶಿಸ್ತು ಇದೆ ಎಂದು ತಿಳಿಯಿತು. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಒಂದು ನಿಯಮಾವಳಿ ಬರೆದ. ಅದರ 53ನೇ ಅಧ್ಯಾಯ ಪೂರ್ತಿ ಅತಿಥಿಗಳ ಬಗ್ಗೆಯೇ. ಬಂದವರನ್ನೆಲ್ಲ ಕ್ರಿಸ್ತನೇ ಬಂದಂತೆ ಬರಮಾಡಿಕೊಳ್ಳಬೇಕು. ಕೈಗೆ ನೀರು ಹಾಕಬೇಕಾದವನು ಮಠದ ಹಿರಿಯ. ಅತಿಥಿಗಳು ಹೊತ್ತಲ್ಲದ ಹೊತ್ತಿಗೆ ಬರುತ್ತಾರೆ, ಆದ್ದರಿಂದ ಅವರಿಗೆ ಬೇರೆ ಅಡುಗೆಮನೆ. ಹಾಸಿಗೆಗಳು ಸಾಕಷ್ಟು ಸಿದ್ಧವಿರಬೇಕು. ಬಡವರ ಮತ್ತು ಯಾತ್ರಿಕರ ಮೇಲೆ ಹೆಚ್ಚು ನಿಗಾ. ಏಕೆಂದರೆ ಶ್ರೀಮಂತ ಬಂದರೆ ಜನ ತಾವಾಗಿಯೇ ಎದ್ದು ನಿಲ್ಲುತ್ತಾರೆ. ಬಾಗಿಲು ಕಾಯಲು ವಯಸ್ಸಾದ, ತಿಳಿವಳಿಕೆಯ ಒಬ್ಬರು, ಅವರ ಕೋಣೆ ಬಾಗಿಲ ಪಕ್ಕದಲ್ಲೇ. ನಡುರಾತ್ರಿ ಸರ್ವರ್ ಕೆಟ್ಟರೆ ಯಾರು ಫೋನ್ ಎತ್ತಬೇಕು ಎಂದು ನಾವು ಪಟ್ಟಿ ಮಾಡಿ ಇಡುತ್ತೇವಲ್ಲ, ಅದೇ ಬುದ್ಧಿ. ಮನಸ್ಸು ಬಂದಾಗ ಮಾಡುವ ದಾನಕ್ಕೂ ಇದಕ್ಕೂ ಇರುವ ದೂರ ನೋಡಿ.

ನಮ್ಮ ಜಿಲ್ಲೆಯಲ್ಲೇ ಇದು ನಡೆದಿದೆ. ಜರ್ಮನಿಯ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದಡಿ ಕೂತು ಹೋಮಿಯೋಪಥಿ ಔಷಧ ಕೊಡತೊಡಗಿದರು. ಔಷಧ ಮಾರಿ ಬಂದ ಹಣ ಬಡವರ ಚಿಕಿತ್ಸೆಗೆ ಹೋಗುತ್ತಿತ್ತು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಮನೆಯವರೇ ಹೊರಗಟ್ಟುತ್ತಿದ್ದವರನ್ನು ಒಳಗೆ ಕರೆಯುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ‘ಹಾಸ್ಪಿಟಲ್’ ಎಂಬ ಪದ ಹುಟ್ಟಿದ್ದೂ ಅತಿಥಿ ಎಂಬ ಅರ್ಥದ ಲ್ಯಾಟಿನ್ ಪದದಿಂದ.

ಇನ್ನು ನಮ್ಮ ಶಾಲೆಗೆ ಬರೋಣ. ಇವತ್ತು ಹತ್ತನೇ ತರಗತಿಯ ಕೋಣೆಗೆ ಹೋಗಿ ಬಂದೆ. ಕೊಪ್ಪಳ, ಬಾಗಲಕೋಟೆ, ರಾಯಚೂರು ಕಡೆಯ ಮಕ್ಕಳಿದ್ದಾರೆ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಕೆಲಸ ಮುಗಿದರೆ ಇಡೀ ಮನೆ ಇನ್ನೊಂದು ಊರಿಗೆ ಹೊರಡುತ್ತದೆ, ಅದು ಜನವರಿಯಾದರೂ ಸರಿ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೈರು ಎಂದು ಬೀಳುತ್ತಾ ಹೋಗುತ್ತದೆ, ಪರೀಕ್ಷೆಯ ದಿನವೂ. ನಡು ವರ್ಷದಲ್ಲಿ ಹಾಸ್ಟೆಲ್ ಸೀಟಿಗೆ ಅಲೆಯುವಷ್ಟು ಬಿಡುವು ಕೂಲಿಯವರಿಗೆ ಎಲ್ಲಿದೆ?

ಮಹೋತ್ಸವ ಸಮಿತಿ ಕಮಾನು ಕಟ್ಟಿಸಲು ಹೊರಟಿದೆ. ಕಟ್ಟಿಸಲಿ, ನಾನೂ ವಂತಿಗೆ ಕೊಟ್ಟಿದ್ದೇನೆ. ಆದರೆ ಕಮಾನಿನೊಳಗೆ ಬಂದ ಮಗು ಪರೀಕ್ಷೆ ಮುಗಿಯುವವರೆಗೆ ಒಳಗೇ ಉಳಿಯಲು ಒಂದು ವ್ಯವಸ್ಥೆ ಬೇಕು. ನನ್ನ ಕೇಳಿಕೆ ಇಷ್ಟೇ: ಹೀಗೆ ಮನೆಯವರು ಹೊರಟುನಿಂತಾಗ ಹತ್ತನೆಯ ಮಗುವನ್ನು ಮೂರು ತಿಂಗಳು ಇಟ್ಟುಕೊಳ್ಳುವ ಹತ್ತು ಮನೆಗಳು ಶಾಲೆಯ ಸುತ್ತಮುತ್ತ ಸಿಗಬೇಕು. ಅಪ್ಪ ಅಮ್ಮನ ಲಿಖಿತ ಒಪ್ಪಿಗೆ ಇರಲಿ, ಮುಖ್ಯೋಪಾಧ್ಯಾಯರಿಗೆ ಮತ್ತು ಎಸ್‌ಡಿಎಂಸಿಗೆ ಗೊತ್ತಿರಲಿ, ವಾರಕ್ಕೊಮ್ಮೆ ಟೀಚರು ಹೋಗಿ ಮಗುವಿನೊಡನೆ ಮಾತಾಡಿ ಬರಲಿ. ಪ್ರೀತಿ ಇದೆ ಎಂದು ಎಚ್ಚರ ಬಿಡಬಾರದು.

ನಾನಿರುವುದು ಬೆಂಗಳೂರಿನಲ್ಲಿ, ಎರಡು ಕೋಣೆಯ ಫ್ಲ್ಯಾಟು. ನನ್ನಿಂದ ಈ ಕೆಲಸ ಆಗದು, ಖರ್ಚಿನ ಪಾಲು ಕೊಡಬಲ್ಲೆ. ಆದರೆ ಅಮ್ಮ ಈಗ ಹೊಳೆಯ ಈಚೆ ಮನೆಯಲ್ಲಿದ್ದಾರೆ. ನಿನ್ನೆ ರಾತ್ರಿ ಹೆದರುತ್ತಲೇ ಕೇಳಿದೆ. ಮಗು ಯಾವ ಜನ ಎಂದು ಅವರು ಕೇಳಲಿಲ್ಲ. “ನನಗೆ ಜೋಳದ ರೊಟ್ಟಿ ತಟ್ಟಲು ಬರುವುದಿಲ್ಲವಲ್ಲ ಮಾರಾಯ” ಎಂದರು. ಮೊದಲ ಹೆಸರು ಅವರದೇ ಬರೆದಿದ್ದೇನೆ. ಪಟ್ಟಿ ಮುಖ್ಯೋಪಾಧ್ಯಾಯರ ಕೋಣೆಯ ಮೇಜಿನ ಮೇಲಿದೆ, ಪೆನ್ನೂ ಅಲ್ಲೇ ಇದೆ. ಊಟಕ್ಕೆ ಹೋಗುವ ದಾರಿಯಲ್ಲೇ ಆ ಕೋಣೆ.