ಕರ್ಣನ ಕಿವಿಗೆ ಬಿದ್ದ ಮಾತು

ಒಲಿಸುವ ಮಾತಿಗೆ ಮೂರು ಆಸರೆಗಳುಂಟೆಂದು ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಹೇಳಿದನು: ಆಡುವವನ ಮೇಲಿನ ನಂಬಿಕೆ, ಕೇಳುವವನ ಭಾವ, ಮಾತಿನೊಳಗಿನ ತರ್ಕ. ತರಗತಿಯಲ್ಲಿ ಇದನ್ನು ವಿವರಿಸಬೇಕಾದಾಗ ನಾನು ಗ್ರೀಸಿನವರೆಗೆ ಹೋಗುತ್ತಿರಲಿಲ್ಲ. ಕುಮಾರವ್ಯಾಸನ ಉದ್ಯೋಗಪರ್ವವನ್ನೇ ತೆರೆಯುತ್ತಿದ್ದೆ.

ಸಂಧಿ ಮುರಿದಿದೆ. ಹಸ್ತಿನಾವತಿಯಿಂದ ಮರಳುವ ಕೃಷ್ಣನು ಕರ್ಣನನ್ನು ರಥಕ್ಕೆ ಸೆಳೆದು, ಮೈದುನನೊಡನೆ ಸರಸವಾಡುವವನಂತೆ, ತನ್ನ ಪೀಠದಲ್ಲಿಯೇ ಕುಳ್ಳಿರಿಸಿಕೊಳ್ಳುತ್ತಾನೆ. ಬಾಯಿ ತೆರೆಯುವ ಮುನ್ನವೇ ಅರ್ಧ ಕಾರ್ಯ ಮುಗಿಯಿತೆನ್ನಬೇಕು! ಸೂತಪುತ್ರನೆಂಬ ಹೀನಾಯವನ್ನು ಬಾಳೆಲ್ಲ ಹೊತ್ತವನಿಗೆ ಸಮಾನಾಸನವೆಂದರೇನೆಂಬುದನ್ನು ಕೃಷ್ಣನು ಬಲ್ಲ. ಕರ್ಣನು ಸಂಕೋಚದಿಂದ ಕುಗ್ಗಿದಾಗ ತರ್ಕವು ಬರುತ್ತದೆ: ಕುಲದಲ್ಲಿ ಭೇದವಿಲ್ಲ, ಕುಂತಿಯ ಮಕ್ಕಳಲ್ಲಿ ನೀನೇ ಮೊದಲಿಗ, ಈ ನೆಲದ ಒಡೆಯ ನೀನು.

ಇಷ್ಟಕ್ಕೆ ಕೃಷ್ಣನಿಗೆ ತೃಪ್ತಿಯಿಲ್ಲ. ರಾಜ್ಯವೆಂಬುದು ಒಣಮಾತು, ಅವನು ಒಂದು ಓಲಗವನ್ನೇ ಚಿತ್ರಿಸುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಇದಿರಿಗೆ ಉಳಿದ ಅರಸರು. ಈ ಷಟ್ಪದಿಯ ಕಟ್ಟನ್ನು ಗಮನಿಸಬೇಕು. ಮೊದಲ ಮೂರು ಸಾಲುಗಳಲ್ಲಿ ಸಭೆ ನೆರೆಯುತ್ತದೆ. ನಾಲ್ಕನೆಯದರಲ್ಲಿ ಕರ್ಣನು ನಡುವೆ ಬಂದು ಕುಳಿತುಕೊಳ್ಳುತ್ತಾನೆ. ಆರನೆಯ ಸಾಲು ಅವನನ್ನು ಅಲ್ಲಿಂದೆಬ್ಬಿಸಿ ಕುರುಪತಿಯ ಮುಂದೆ ಊಳಿಗದವನಂತೆ ನಿಲ್ಲಿಸಿಬಿಡುತ್ತದೆ. ಅದೂ ಬೈದಲ್ಲ, ‘ನಿನಗಿದು ಕಷ್ಟ’ವೆಂಬ ಮರುಕದ ದನಿಯಲ್ಲಿ! ಚುಚ್ಚುಮಾತಿಗೆ ಅನುಕಂಪದ ಉಡುಗೆ ತೊಡಿಸುವ ಈ ಜಾಣ್ಮೆಯನ್ನು ನಮ್ಮ ಚುನಾವಣಾ ಭಾಷಣಕಾರರು ಕುಮಾರವ್ಯಾಸನನ್ನು ಓದದೆಯೇ ಕಲಿತಿದ್ದಾರೆ.

ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ. ಆದರೂ ರಾಜ್ಯದ ಸಿರಿಗೆ ಸೋಲುವವನು ತಾನಲ್ಲವೆಂದು ನಿರಾಕರಿಸುತ್ತಾನೆ. ಹಾಗಾದರೆ ಇಷ್ಟೆಲ್ಲ ವಾಕ್ಚಾತುರ್ಯ ವ್ಯರ್ಥವಾಯಿತಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಕೇಳಿದ್ದು ದೊರೆಯಲಿಲ್ಲ, ನಿಜ. ಆದರೆ ಕರ್ಣನು ಅದೇ ಉಸಿರಿನಲ್ಲಿ ಪಾಂಡವರೈವರನ್ನು ನೋಯಿಸೆನೆಂದು ಮಾತುಕೊಟ್ಟುಬಿಡುತ್ತಾನೆ. ಕೃಷ್ಣನಿಗೆ ಬೇಕಾಗಿದ್ದುದು ಅದೇ ಎಂದು ನನ್ನ ಎಣಿಕೆ. ಅವನು ಭಯವನ್ನು ಬಿತ್ತಿದನೆಂದು ಕವಿಯು ಆರಂಭದಲ್ಲಿಯೇ ನಮಗೆ ತಿಳಿಸಿರುತ್ತಾನೆ. ಆ ಎಚ್ಚರಿಕೆ ದೊರೆಯದವನು ಕರ್ಣನೊಬ್ಬನೇ.

ಇಲ್ಲಿ ನನ್ನನ್ನು ಇಂದಿಗೂ ಕಾಡುವುದು ಬೇರೊಂದು ಸಂಗತಿ. ಕರ್ಣನ ಜನ್ಮದ ಬಗೆಗೆ ಕೃಷ್ಣನು ಹೇಳಿದ್ದರಲ್ಲಿ ಒಂದು ಸುಳ್ಳೂ ಇಲ್ಲ. ಸುಳ್ಳಾಗಿದ್ದರೆ ಕರ್ಣನು ನಕ್ಕು ರಥದಿಂದಿಳಿಯುತ್ತಿದ್ದ. ಬಹುಕಾಲ ಬಚ್ಚಿಟ್ಟ ಸತ್ಯವನ್ನು ಯುದ್ಧದ ಹೊಸ್ತಿಲಲ್ಲಿ ಹೊರತೆಗೆದದ್ದರಲ್ಲಿಯೇ ಎಲ್ಲವೂ ಇದೆ. ಕರ್ಣನಿಗೂ ಅದು ಅರ್ಥವಾಗುತ್ತದೆ. ತಪ್ಪಿಹೋದ ಸಿಂಹಾಸನಕ್ಕಾಗಿ ಅವನು ಅಳುವುದಿಲ್ಲ. ಕೌರವನಿಗೆ ಕೇಡಾಯಿತಲ್ಲಾ ಎಂದು ಮರುಗುತ್ತಾನೆ, ವಂಶವನ್ನರುಹಿಯೇ ಕೃಷ್ಣನು ತನ್ನನ್ನು ಕೊಂದನೆನ್ನುತ್ತಾನೆ.