ಬಾಣಂತಿಯ ತಾಟಿನಲ್ಲಿ ಏನಿದೆ?

(ಶಿವಾನುಭವ ಗೋಷ್ಠಿಯಲ್ಲಿ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸ)



ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ಎಂಟು ತಿಂಗಳ ಮೊಮ್ಮಗನನ್ನು ನನ್ನ ಮುಂದೆ ಮಲಗಿಸಿದರು. "ಐದು ತಿಂಗಳಿದ್ದಾಗ ಕರೆದರ ನಗ್ತಿತ್ರೀ. ಈಗ ನಗೂದ ಬಿಟ್ಟದ, ಕುತ್ತಿಗಿ ನಿಲ್ಲವಲ್ದು" ಎಂದರು. ಕೂಸು ಗುಂಡಗೇ ಇತ್ತು. ಆದರೆ ಕೂದಲು ಕಂದಿ ತೆಳ್ಳಗಾಗಿತ್ತು, ಬೆರಳಿನ ಗೆಣ್ಣುಗಳು ಕಪ್ಪಾಗಿದ್ದವು, ಕೈ ನಡುಗುತ್ತಿತ್ತು. ದೃಷ್ಟಿಯಾಗಿದೆಯೆಂದು ನಿವಾಳಿಸಿ, ತಾಯತವನ್ನೂ ಕಟ್ಟಿಸಿದ್ದರು. ರಕ್ತ ಪರೀಕ್ಷೆ ಮಾಡಿಸಿದೆವು. ಕೂಸಿಗೂ ತಾಯಿಗೂ ಕೊರತೆಯಾಗಿದ್ದುದು ಒಂದೇ: ವಿಟಮಿನ್ ಬಿ12.

ಇಂಜೆಕ್ಷನ್ ಕೊಟ್ಟ ಮೇಲೆ ಮಗು ಮತ್ತೆ ನಕ್ಕಿತು. ಆದರೆ ಕೂರುವುದು, ನಡೆಯುವುದು ತಡವಾಯಿತು. ತಡವಾಗಿ ಬಂದ ಎಲ್ಲ ಮಕ್ಕಳೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಮಾತು.

ರಕ್ತ ಕಟ್ಟಲು, ನರಗಳ ಮೇಲಿನ ಹೊದಿಕೆ ಬೆಳೆಯಲು ಬಿ12 ಬೇಕು. ಮಿದುಳು ಅತಿ ವೇಗವಾಗಿ ಬೆಳೆಯುವುದು ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷಗಳಲ್ಲಿ. ಅಮೆರಿಕದ ಮಾನದಂಡದಂತೆ ದೊಡ್ಡವರಿಗೆ ದಿನಕ್ಕೆ 2.4, ಗರ್ಭಿಣಿಗೆ 2.6, ಹಾಲೂಡಿಸುವ ತಾಯಿಗೆ 2.8 ಮೈಕ್ರೋಗ್ರಾಂ ಸಾಕು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು ಅಷ್ಟೇ. ತಾನು ಉಪವಾಸವಿದ್ದರೂ ತಾಯಿಯ ಎದೆಹಾಲಿಗೆ ಏನೂ ಕಡಿಮೆಯಾಗದು ಎಂದು ನಾವು ನಂಬಿದ್ದೇವೆ. ಬಿ12ರ ಮಟ್ಟಿಗೆ ಅದು ನಿಜವಲ್ಲ. ತಾಯಿಯಲ್ಲಿ ಕೊರತೆಯಿದ್ದರೆ ಹಾಲಿನಲ್ಲೂ ಕೊರತೆ. ಹಾಗೆಂದು ಎದೆಹಾಲು ಬಿಡಿಸಬಾರದು. ತಾಯಿಯ ಕೊರತೆ ನೀಗಿಸಬೇಕು.

ಈ ಕೊರತೆ ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಹೆಚ್ಚು. ಜೋಳ, ಬೇಳೆ, ಸೊಪ್ಪು, ಕಾಯಿಪಲ್ಲೆ, ಶೇಂಗಾ ಎಲ್ಲವೂ ಒಳ್ಳೆಯವು, ಆದರೆ ಅವುಗಳಲ್ಲಿ ಬಿ12 ಇಲ್ಲ. ಇಡ್ಲಿ ಹಿಟ್ಟು ಹುದುಗಿದರೂ, ಸ್ಪಿರುಲಿನಾ ಪುಡಿ ತಿಂದರೂ ಅದನ್ನು ನೆಚ್ಚುವಂತಿಲ್ಲ. ನಮಗಿರುವುದು ಹಾಲು, ಮೊಸರು, ಮಜ್ಜಿಗೆ. 250 ಮಿಲಿ ಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಚಹಾಕ್ಕೆ ಹಾಕುವ ಎರಡು ಚಮಚ ಹಾಲು ಲೆಕ್ಕಕ್ಕೆ ಬಾರದು.

ಈಗ ನಮ್ಮ ಮನೆಯ ಪದ್ಧತಿ ನೋಡಿ. ಹಾಲು ಡೇರಿಗೆ ಹೋಗುತ್ತದೆ. ಉಳಿದದ್ದು ಗಂಡಸರಿಗೆ, ಮಕ್ಕಳಿಗೆ. ಸೊಸೆ ಕೊನೆಗೆ ಉಣ್ಣುತ್ತಾಳೆ. ಹಡೆದ ಮೇಲಂತೂ "ಮೊಸರು ಥಂಡಿ, ಕೂಸಿಗೆ ನೆಗಡಿ ಆಗ್ತದ" ಎಂದು ಅದನ್ನೂ ಬಿಡಿಸುತ್ತೇವೆ. ಅಂಟಿನುಂಡೆ, ಬೆಳ್ಳುಳ್ಳಿ, ತುಪ್ಪ ಕೊಡುವ ಪ್ರೀತಿಯಲ್ಲಿ ಸಂಶಯವಿಲ್ಲ, ಆದರೆ ಅವುಗಳಲ್ಲಿ ಬಿ12 ಸಿಗದು. ಜನನ ಸೂತಕವನ್ನು ಒಪ್ಪದ ಶರಣರ ಮಕ್ಕಳು ನಾವು. ಬಾಣಂತಿಯ ತಾಟಿನ ಸೂತಕವನ್ನು ಇನ್ನೂ ಏಕೆ ಉಳಿಸಿಕೊಂಡಿದ್ದೇವೆ?

"ಸರ್ಕಾರಿ ಕಬ್ಬಿಣದ ಗುಳಿಗೆ ನುಂಗುತ್ತಾಳಲ್ಲ" ಎನ್ನುತ್ತೀರಿ. ನುಂಗಲೇಬೇಕು. ಆದರೆ ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಬಿ12 ಇಲ್ಲ. ಫೋಲಿಕ್ ಆಮ್ಲ ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಡಬಲ್ಲದು, ನರಗಳ ಹಾನಿಯನ್ನು ತಡೆಯಲಾರದು. ಆದ್ದರಿಂದ ಬಸಿರು ನಿಂತ ಕೂಡಲೇ ವೈದ್ಯರನ್ನು ಕಂಡಾಗ "ನಾವು ಸಸ್ಯಾಹಾರಿಗಳು, ಬಿ12 ಬೇಕೇ?" ಎಂದು ನೀವೇ ಕೇಳಿ. ಸುಸ್ತು, ಬಾಯಿಹುಣ್ಣು, ಕೈಕಾಲು ಜೋಮು ಇದ್ದರೆ ಮುಚ್ಚಿಡಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಡಲಾರಂಭಿಸಿ, ಹೆರಿಗೆಯಾಗಿ ಆರು ವಾರದವರೆಗೆ ಮುಂದುವರಿಸಿ ನೋಡಿತು. ತಾಯಂದಿರ ರಕ್ತದಲ್ಲಿ, ಎದೆಹಾಲಿನಲ್ಲಿ, ಕೂಸುಗಳ ರಕ್ತದಲ್ಲಿ ಅದರ ಪ್ರಮಾಣ ಏರಿತೆಂದು 2014ರಲ್ಲಿ ವರದಿಯಾಯಿತು.

"ಗುಳಿಗೆ ಮಾಂಸದಿಂದ ಮಾಡಿದ್ದಲ್ಲವೇ?" ಎಂದು ಹಿರಿಯರೊಬ್ಬರು ಕೇಳಿದ್ದರು. ಅಲ್ಲ. ಬಿ12 ಅನ್ನು ಗಿಡವೂ ಮಾಡದು, ಪ್ರಾಣಿಯೂ ಮಾಡದು, ಸೂಕ್ಷ್ಮಾಣುಗಳಷ್ಟೇ ಮಾಡುತ್ತವೆ. ಕಾರ್ಖಾನೆಯಲ್ಲಿಯೂ ಅವುಗಳಿಂದಲೇ ತಯಾರಾಗುತ್ತದೆ. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಆಗಿರಬಹುದು. ಸಂಕೋಚವಿದ್ದರೆ ಮಾತ್ರೆಯನ್ನೇ ಕೇಳಿ. ನಾನು ಯಾರಿಗೂ ಮೊಟ್ಟೆ ತಿನ್ನಿ ಎನ್ನಲಾರೆ. ಆದರೆ ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುವ ಬಸುರಿಯನ್ನು ಹೀಯಾಳಿಸುವ ಹಕ್ಕೂ ನಮಗಿಲ್ಲ. ಬೇಡವೆಂದವರು ಅವಳಿಗೆ ಬದಲಿ ಏನು ಕೊಡುತ್ತೇವೆಂದು ಹೇಳಬೇಕು.

ಇಂದು ಮನೆಗೆ ಹೋಗಿ ಇಷ್ಟು ಮಾಡಿ. ಬಸುರಿ, ಬಾಣಂತಿಗೆ ದಿನವೂ ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು ಮೊದಲು ತೆಗೆದಿಡಿ, ಉಳಿದದ್ದು ಡೇರಿಗೆ. ವೈದ್ಯರು ಹೇಳಿದ ಗುಳಿಗೆ ತಪ್ಪಿಸಬೇಡಿ. ನಗುತ್ತಿದ್ದ ಕೂಸು ನಗು ಬಿಟ್ಟರೆ ತಾಯತ ಹುಡುಕದೆ ಅಂದೇ ಆಸ್ಪತ್ರೆಗೆ ಬನ್ನಿ. ಮಠದಲ್ಲಿ ಸಾವಿರ ಜನಕ್ಕೆ ದಾಸೋಹ ನಡೆಸುವ ನಾವು ಮನೆಯ ಸೊಸೆಗೆ ಒಂದು ಲೋಟ ಹಾಲು ನೀಡಲಾರೆವೇ?