ತಮಟೆಗೆ ಅನುದಾನ, ಬಡಿಯುವ ಕೈಗೆ ಏನು?

(ರಾಜರಾಜೇಶ್ವರಿನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಊರು ಪಟ್ಟಣಗಳ ಸಂಸ್ಕೃತಿ ಉಳಿಸೋಕೆ ಸರ್ಕಾರ ಕೊಡುವ ಹಣದ ಬಗ್ಗೆ ಮಾತಾಡು ಅಂದಿದ್ದಾರೆ. ನಾನು ಬಿ.ಎ. ಓದಿ ಪದ್ಯ ಬರೆಯುವವನು, ಲೆಕ್ಕದಲ್ಲಿ ಹಿಂದೆ. ಆದರೆ ಇದು ನಮ್ಮ ಮನೆಯ ಲೆಕ್ಕ. ನಮ್ಮಪ್ಪ ತಮಟೆ ಬಡಿಯೋರು. ಅಲ್ಲಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ಈ ಕಡೆಯ ಒಂದು ಬಡಾವಣೆಯಲ್ಲಿ ಊರಹಬ್ಬ. ಬ್ಯಾನರಿನಲ್ಲಿ ‘ಸರ್ಕಾರದ ನೆರವಿನೊಂದಿಗೆ’ ಅಂತ ದಪ್ಪಕ್ಷರ. ಅಪ್ಪನ ತಂಡ ಎಂಟು ಜನ. ಬೆಳಿಗ್ಗೆಯಿಂದ ರಾತ್ರಿವರೆಗೆ ಬಡಿದರು. ಮಳೆ ಬಂದು ಚರ್ಮ ಸಡಿಲವಾದಾಗೆಲ್ಲ ಹುಲ್ಲು ಉರಿಸಿ ಕಾಯಿಸಿಕೊಂಡು ಮತ್ತೆ ಬಡಿದರು. ಊಟ? ಎಲ್ಲರದೂ ಮುಗಿದ ಮೇಲೆ, ಶಾಮಿಯಾನದ ಹಿಂದೆ. ಆಮೇಲೆ ಒಂದು ವೋಚರು ತಂದರು. ಅದರಲ್ಲಿ ಬರೆದ ಮೊತ್ತ ಒಂದು, ಕೈಗೆ ಬಂದದ್ದು ಇನ್ನೊಂದು. ಅಪ್ಪ ಹೆಬ್ಬೆಟ್ಟು ಒತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಡಿಗ್ರಿ ಜೇಬಲ್ಲಿತ್ತು, ಮಾತು ಗಂಟಲಲ್ಲಿತ್ತು.

ಈ ನಗರವನ್ನೇ ನೋಡಿ. 2007ರವರೆಗೆ ರಾಜರಾಜೇಶ್ವರಿನಗರಕ್ಕೆ ತನ್ನದೇ ನಗರಸಭೆ ಇತ್ತು. ಆ ವರ್ಷ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಪಾಲಿಕೆ ಮಾಡಿದರು. 2025ರಲ್ಲಿ ಅದನ್ನೂ ಒಡೆದು ಐದು ಪಾಲಿಕೆ ಮಾಡಿದರು. ಹಳ್ಳಿಗಳು ಸೈಟುಗಳಾದವು. ಹಳ್ಳಿಯ ಕೇರಿ ಮಾತ್ರ ಕೇರಿಯಾಗೇ ಉಳಿಯಿತು. ಹಳ್ಳಿ ನುಂಗಿದ ಬಡಾವಣೆಗೆ ವರ್ಷಕ್ಕೊಂದು ದಿನ ಹಳ್ಳಿ ಬೇಕು. ಆಗ ನಮ್ಮನ್ನು ಕರೀತಾರೆ.

ಹಣ ಇಲ್ಲ ಅಂತಲ್ಲ. ಮೈಸೂರು ದಸರಾಕ್ಕೆ ಸರ್ಕಾರ ಕೊಡುತ್ತೆ. ಬೆಂಗಳೂರು ಕರಗಕ್ಕೆ ಪಾಲಿಕೆ ಕೊಡುತ್ತಾ ಬಂದಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಗಳಿಗೆ ಧನಸಹಾಯ, ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತೆ. ಕೊಡಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಸಂಘಕ್ಕೆ ಧನಸಹಾಯ ಬೇಕಾದರೆ ನೋಂದಣಿ ಆಗಿರಬೇಕು, ಆಡಿಟ್ ವರದಿ ಬೇಕು, ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು. ಅಪ್ಪನ ತಂಡಕ್ಕೆ ಹೆಸರೇ ಇಲ್ಲ, ‘ಹಟ್ಟಿಯವರ ತಮಟೆ’ ಅಷ್ಟೇ. ಕಾಗದ ಇದ್ದವನು ಹಣ ತರ್ತಾನೆ, ತಮಟೆ ಇದ್ದವನು ಅವನ ಹತ್ತಿರ ಕೂಲಿಗೆ ಹೋಗ್ತಾನೆ.

ಇನ್ನೊಂದು ಲೆಕ್ಕ. ನಗರ ಸಂಸ್ಥೆಗಳು ಪರಿಶಿಷ್ಟರಿಗೆಂದು ಶೇಕಡಾ 24.10ರಷ್ಟು ಹಣ ಎತ್ತಿಡಬೇಕು. ಇಡೀ ರಾಜ್ಯದ ಬಜೆಟ್ಟಿಗೆ 2013ರಲ್ಲಿ ಕಾಯ್ದೆಯೇ ಬಂತು. ಆ ಕಾಯ್ದೆಯಲ್ಲಿ 7(ಡಿ) ಅಂತ ಒಂದು ಕಿಂಡಿ ಇತ್ತು. ಎಲ್ಲರೂ ಓಡಾಡುವ ರಸ್ತೆಯನ್ನೂ ನಮ್ಮ ಖಾತೆಗೆ ಬರೆಯಬಹುದಿತ್ತು. ಹೋರಾಟ ಮಾಡಿದ ಮೇಲೆ 2023ರಲ್ಲಿ ಆ ಕಿಂಡಿ ಮುಚ್ಚಿದರು. ಮೆರವಣಿಗೆಯ ಮುಂದೆ ನಾಲ್ಕು ತಮಟೆ ನಿಲ್ಲಿಸಿ ಅದನ್ನೂ ನಮ್ಮ ಕಲ್ಯಾಣ ಅಂತ ಬರೆದುಬಿಟ್ಟರೆ? ಕಣ್ಣಿಟ್ಟಿರಬೇಕಾದವರು ನಾವು.

ಈಗ ನಮ್ಮೊಳಗಿನ ಜಗಳಕ್ಕೆ ಬರ್ತೀನಿ. ‘ತಮಟೆ ಬಿಸಾಕಿ, ಅದು ನಮ್ಮ ಅವಮಾನ’ ಅನ್ನೋ ಗೆಳೆಯರು ಇಲ್ಲೇ ಕೂತಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಸಾವಿಗೆ ಬಡಿ, ಜಾತ್ರೆಗೆ ಬಡಿ, ಊರಿಗೆ ಸಾರು, ಇಲ್ಲ ಅಂದರೆ ಬಹಿಷ್ಕಾರ. ಇದನ್ನು ಉಂಡವರು ನಾವು. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ, ಮಾನಗೇಡಿ ಕೆಲಸ ಬಿಡಿ ಅಂದರು. ಬಿಟ್ಟಿ ಚಾಕರಿ ಮಾಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಂಥ ಸಂಪ್ರದಾಯ ಉಳಿಸೋಕೆ ಒಂದು ಪೈಸೆಯೂ ಬೇಡ. ಅದು ಸಾಯಲಿ.

ಆದರೆ ಏಪ್ರಿಲ್ 14ರಂದು ನಮ್ಮದೇ ಮೆರವಣಿಗೆಯ ಮುಂದೆ ಗುಡುಗೋದು ಯಾವುದು? ಅದೇ ತಮಟೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಯಾವುದಕ್ಕೆ? ಅದೇ ತಮಟೆಗೆ. ಚರ್ಮ ಅದೇ, ಕೋಲು ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ನನಗೆ ತಿಳಿದಷ್ಟು ಹೇಳ್ತೀನಿ. ‘ನಾಳೆ ಬರಲ್ಲ’ ಅಂತ ಹೇಳಿ ನೆಮ್ಮದಿಯಾಗಿ ಮಲಗೋಕಾದರೆ ಅದು ಕಲೆ. ಹಾಗೆ ಹೇಳೋಕೆ ಹೆದರಿಕೆಯಾದರೆ ಅದು ಜೀತ. ಅನುದಾನ ಕೊಡುವವರು ಮೊದಲು ಇದನ್ನು ಕೇಳಬೇಕು.

ನಮ್ಮ ಬೇಡಿಕೆ ನಾಲ್ಕೇ. ಗೌರವಧನ ಕಮಿಟಿ ಕೈಗಲ್ಲ, ಒಬ್ಬೊಬ್ಬ ಕಲಾವಿದರ ಖಾತೆಗೆ ನೇರವಾಗಿ ಬರಲಿ. ನೆರವು ಪಡೆದ ಹಬ್ಬದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಇರಲಿ, ಇಲ್ಲವಾದರೆ ಹಣ ವಾಪಸ್ಸು. ಖರ್ಚಿನ ಪಟ್ಟಿ ವಾರ್ಡ್ ಕಚೇರಿಯ ಗೋಡೆ ಮೇಲೆ ಅಂಟಿಸಲಿ. ಮಲ್ಲತ್ತಹಳ್ಳಿಯ ಕಲಾಗ್ರಾಮ ಇಲ್ಲೇ ಪಕ್ಕದಲ್ಲಿದೆ. ಅಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ತಮಟೆ ಕಲಿಸಲಿ, ಕಲಿಸುವ ಸಂಬಳ ನಮ್ಮ ಹಿರಿಯರಿಗೆ ಸಿಗಲಿ. ನಮ್ಮ ಕವಿ ಸಿದ್ದಲಿಂಗಯ್ಯನವರನ್ನು 2021ರಲ್ಲಿ ಕಳಿಸಿಕೊಟ್ಟದ್ದೂ ಅಲ್ಲೇ. ಅವರೂ ಹಾಸ್ಟೆಲಿನಲ್ಲಿ ಓದಿದವರು.

ಸರ್ಕಾರಕ್ಕೆ ಹೇಳಿದೆ, ಈಗ ನಿಮಗೆ. ರಜೆಗೆ ಊರಿಗೆ ಹೋದಾಗ ಒಂದು ತಂಡಕ್ಕೆ ಹೆಸರಿಡಿ, ನೋಂದಣಿ ಮಾಡಿಸಿ, ಬ್ಯಾಂಕ್ ಖಾತೆ ತೆಗೆಸಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ.

ಆ ರಾತ್ರಿ ಬಸ್ಸಿನಲ್ಲಿ ನಾನು ‘ಅಪ್ಪಾ, ಇನ್ನು ಬಡೀಬೇಡ’ ಅಂದೆ. ಅಪ್ಪ ನಕ್ಕು, ‘ಬಡಿಯೋದು ನಂಗೆ ಬರ್ತದೆ ಕಣಪ್ಪ, ಆ ಚೀಟಿ ಓದೋದು ಬರಲ್ಲ. ನೀನ್ಯಾಕೆ ಓದಲಿಲ್ಲ?’ ಅಂದರು. ಇವತ್ತು ನಿಮ್ಮ ಮುಂದೆ ಓದಿದ್ದೀನಿ. ತಡವಾಯಿತು.

ಜೈ ಭೀಮ್.